ಮುಂಗಡಕ್ಕೆ ಮುಂಚೆ ಅಳತೆ
ಹಳ್ಳಿಯಲ್ಲಿ ಹಳೆಯ ಹೆಂಚಿನ ಮನೆ ಕೊಳ್ಳಲು ಹೋಗುವವರು ಮೊದಲು ಮನಸೋಲುವುದು ಕಂಬ, ಜಗಲಿ, ಹಿತ್ತಿಲ ತೆಂಗಿನ ಮರಗಳಿಗೆ. ಅಳತೆಯ ಟೇಪು ನೆನಪಾಗುವುದು ಮುಂಗಡ ಕೊಟ್ಟ ಮೇಲೆ. ಊರೊಳಗಿನ ವಸತಿ ಜಾಗವಾದ ಗ್ರಾಮಠಾಣಾದ ತೊಡಕೇ ಬೇರೆ. ಬ್ರಿಟಿಷರ ಕಾಲದ ಕಂದಾಯ ಮೋಜಣಿಯಲ್ಲಿ ಹೊಲಗದ್ದೆಗಳನ್ನು ಒಂದೊಂದಾಗಿ ಸರಪಳಿ ಹಿಡಿದು ಅಳೆದರು. ಊರೊಳಗಿನ ಮನೆಗಳನ್ನು ಒಟ್ಟಾಗಿ ಬಿಟ್ಟರು. ಹಾಗಾಗಿ ಎಷ್ಟೋ ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ ಎಂದಷ್ಟೇ ಇರುತ್ತದೆ. ಆ ಓಣಿಯಲ್ಲಿ ಈಗ ಯಾರದೋ ದನದ ಕೊಟ್ಟಿಗೆ ಎದ್ದಿರಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಮನೆಗಳ ಸುತ್ತ ಸುಣ್ಣದ ಗೆರೆ ಎಳೆದು ಡ್ರೋನ್ ಹಾರಿಸಿದ್ದು ಈ ಕೊರತೆ ನೀಗಲೆಂದೇ. ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಕೈಯಲ್ಲಿದ್ದರೂ ಪರವಾನಗಿ ಪಡೆದ ಭೂಮಾಪಕರನ್ನು ಕರೆಸಿ, ಅಕ್ಕಪಕ್ಕದವರ ಎದುರೇ ಅಳೆಸಬೇಕು. ಕಾಗದದಲ್ಲಿ 40 ಅಡಿ ಇದ್ದು ನೆಲದಲ್ಲಿ 36 ಸಿಕ್ಕರೆ ಬೆಲೆಯ ಮಾತು ಅಲ್ಲಿಂದಲೇ ಶುರುವಾಗಬೇಕು. ಗೋಡೆ, ಮಾಡು ನೋಡುವುದು ಭೂಮಾಪಕರ ಕೆಲಸವಲ್ಲ, ಅದಕ್ಕೆ ಸಿವಿಲ್ ಎಂಜಿನಿಯರ್ ಬೇಕು. ತೊಲೆಯ ತುದಿ ಮಣ್ಣಿನ ಗೋಡೆಯೊಳಗೆ ಸೇರುವ ಜಾಗದಲ್ಲೇ ನೀರಿಳಿದು ಗೆದ್ದಲು ಹಿಡಿಯುವುದು. ಮೇಲೆ ಬಣ್ಣ ಬಳಿದಿದ್ದರೆ ಕಣ್ಣಿಗೆ ಬೀಳದು, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಗೊತ್ತಾಗುತ್ತದೆ. ಸಾಧ್ಯವಿದ್ದರೆ ಮಳೆಗಾಲದಲ್ಲೇ ಒಮ್ಮೆ ತೋರಿಸುವುದು ಲೇಸು.