ನಾಯಿಮರಿಗೆ ನಮ್ಮ ಮಾತ್ರೆ ಹಾಕೋದು ನಿಲ್ಲಿಸಿ

ಭದ್ರಾವತಿ ಕಡೆ ರೈತ ಬಂಧುಗಳೇ, ತೋಟ ಕಾಯೋಕೆ ನಾಯಿ ಬೇಕು. ಅದೇ ನಾಯಿಮರಿ ಊಟ ಬಿಟ್ಟರೆ ಮನೇಲಿರೋ ಜ್ವರದ ಮಾತ್ರೆ ಅರ್ಧ ಮುರಿದು ಹಾಕ್ತಾರೆ. ಅದು ಔಷಧಿ ಅಲ್ಲ, ವಿಷ. ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಯ ಲಿವರ್, ಕಿಡ್ನಿ ಹಾಳು ಮಾಡ್ತವೆ.

ಮೂರ್ನಾಲ್ಕು ತಿಂಗಳಿಗೆ 28 ಹಾಲುಹಲ್ಲು ಬೀಳೋಕೆ ಶುರುವಾಗಿ, ಆರೇಳು ತಿಂಗಳಿಗೆ 42 ಹಲ್ಲು ಬರ್ತವೆ. ವಸಡು ನೋಯುತ್ತೆ. ರಾಗಿ ಮುದ್ದೆ ಮಜ್ಜಿಗೇಲಿ ಕಿವುಚಿ ಕೊಡಿ. ತಣ್ಣನೆ ಒದ್ದೆ ಬಟ್ಟೆ ಗಂಟು ಹಾಕಿ, ನಿಮ್ಮೆದುರೇ ಕಡಿಯೋಕೆ ಬಿಡಿ.

"ಹಲ್ಲು ಬರ್ತಿದೆ ಬಿಡ್ರಿ" ಅಂತ ಕೂರೋದೂ ತಪ್ಪು. ಹಲ್ಲಿನ ನೋವಿಗೆ ಊಟ ಕಮ್ಮಿಯಾಗುತ್ತೆ, ದಿನಗಟ್ಟಲೆ ನಿಲ್ಲಲ್ಲ. ವಾಂತಿ, ರಕ್ತಭೇದಿ ಇದ್ದರೆ ಪಾರ್ವೋ ಇರಬಹುದು. ನಾಳೆ ಅಂದ್ರೆ ಮರಿ ಉಳಿಯೋದು ಕಷ್ಟ. ಊರ ಪಶು ಆಸ್ಪತ್ರೆಗೋ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಅವತ್ತೇ ಒಯ್ಯಿರಿ. ಹಸುವಿಗೆ ಡಾಕ್ಟ್ರು ಬೇಕು, ರಾತ್ರಿಯೆಲ್ಲ ಕಾಯೋ ನಾಯಿಗೆ ಬೇಡ್ವಾ?