ಒಲೆಗೆ ತಾಮ್ರದ ಹೊದಿಕೆ

ಹಿತ್ತಿಲಿನ ಬಯಲಿನಲ್ಲಿ ಮಣ್ಣಿನ ಗುಮ್ಮಟದ ಒಲೆಯನ್ನು ಕಟ್ಟಿ ಬನ್ನು, ರೊಟ್ಟಿಗಳನ್ನು ಬೇಯಿಸುವುದು ನಮ್ಮ ಸೀಮೆಗೆ ಹೊಸ ಪದ್ಧತಿ. ಬೇಕರಿಯ ಸೌದೆಯ ಒಲೆ ಹಳೆಯದೇ ಸರಿ. ಆದರೆ ಅದು ಸೂರಿನ ಕೆಳಗೆ ಇರತಕ್ಕದ್ದಾದ್ದರಿಂದ ಮಳೆಯ ಮುಖವನ್ನೇ ಕಾಣದು. ಬಯಲೊಲೆಯ ಪಾಡು ಹಾಗಲ್ಲ. ನಮ್ಮ ಕವಲಂದೆಯಲ್ಲಿ ಒಂದು ಮನೆಯವರು ಬೇಸಿಗೆಯಲ್ಲಿ ಇಂಥ ಒಲೆಯೊಂದನ್ನು ಕಟ್ಟಿದರು. ಆ ಮನೆಯ ಸೊಸೆ ವಾರಕ್ಕೆರಡು ದಿನ ಬನ್ನುಗಳನ್ನು ಬೇಯಿಸಿ ಮಾರಿ ಮಕ್ಕಳ ಪುಸ್ತಕದ ಖರ್ಚನ್ನು ತೂಗಿಸುತ್ತಿದ್ದಳು. ಭಾದ್ರಪದ-ಆಶ್ವಯುಜಗಳ ಸಂಜೆಮಳೆ ಬಂದಿತು. ಒಲೆಯ ನೆತ್ತಿ ಬಿರಿಯಿತು. ಮಣ್ಣು ಕುಡಿದ ನೀರು ಬೆಂಕಿಯ ಕಾವಿಗೆ ಆವಿಯಾಗುವಾಗ ಸುಮಾರು 1,700 ಪಾಲು ಹಿಗ್ಗುವುದು. ಹೊರಗೆ ಹೋಗಲು ದಾರಿ ಸಾಲದ ಆವಿಯು ಗೋಡೆಯನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸಿ ಬಿಡುತ್ತದೆ. ಆದಕಾರಣ ನೆನೆದ ಒಲೆಗೆ ಒಮ್ಮೆಲೇ ದೊಡ್ಡ ಉರಿ ಹಾಕಲಾಗದು.

ಈಗ ಆ ಒಲೆಗೆ ತಾಮ್ರದ ಚಿಪ್ಪುಗಳನ್ನು ಹೊದಿಸಬೇಕೆಂಬುದು ಮನೆಯ ಮಗನ ಹಂಬಲ. ಅದಕ್ಕೆ ಬಚ್ಚಲಿನ ಹಳೆಯ ತಾಮ್ರದ ಹಂಡೆಯನ್ನು ಕಂಚುಗಾರನಿಗೆ ಕೊಟ್ಟು ಬದಲಿಗೆ ತಗಡನ್ನು ತರುವುದೆಂದು ಆತನ ಆಲೋಚನೆ. ಹಂಡೆ ಆತನ ತಾಯಿ ತವರಿನಿಂದ ತಂದದ್ದು. "ನಾನು ಹೋದ ಮೇಲೆ ಏನಾದರೂ ಮಾಡಿಕೊಳ್ಳಪ್ಪ," ಎಂದಷ್ಟೇ ಆಕೆ ಹೇಳಿದ್ದಾರೆ. ಮಗನು ನಮ್ಮಲ್ಲಿಗೆ ಬಂದು ಯುಕ್ತಾಯುಕ್ತವನ್ನು ಕೇಳಿದನು. ಇಂಥ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಎದ್ದಿರಬಹುದಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಬಾಗಿದ ಮಾಡಿಗೆ ತಾಮ್ರವನ್ನು ಹೊದಿಸುವ ವಿದ್ಯೆಯು ಕನ್ನಡಿಗರಿಗೆ ಅಪರಿಚಿತವಲ್ಲ. ಕಾಸರಗೋಡಿನ ಸಮೀಪದಲ್ಲಿ ಮಧುವಾಹಿನಿಯ ದಡದಲ್ಲಿರುವ ಮಧೂರು ದೇವಾಲಯವನ್ನು ನೋಡಿದವರು ಬಲ್ಲರು. ಗಜಪೃಷ್ಠ, ಎಂದರೆ ಆನೆಯ ಬೆನ್ನಿನಾಕಾರದ ಅದರ ಮಾಡಿನ ಮೇಲಂತಸ್ತುಗಳಿಗೆ ತಾಮ್ರದ ಹೊದಿಕೆಯಿದೆ. ಕರಾವಳಿಯ ಜಡಿಮಳೆಗೆ ಒಡ್ಡಿಕೊಂಡ ಮಾಡು ಅದು. ಅಮರಕೋಶದಲ್ಲಿ ತಾಮ್ರಕ್ಕೆ 'ಶುಲ್ಬ'ವೆಂದೂ 'ಉದುಂಬರ'ವೆಂದೂ ಹೆಸರುಗಳುಂಟು. ಶುಲ್ಬವೆಂದರೆ ಅಳೆಯುವ ಹಗ್ಗವೂ ಹೌದು. ಈ ಕೆಲಸಕ್ಕೆ ಎರಡು ಶುಲ್ಬಗಳೂ ಬೇಕು. ಮೊದಲು ಹಗ್ಗವನ್ನು ಹಿಡಿಯೋಣ.

ಗುಮ್ಮಟಕ್ಕೆ ಎಷ್ಟು ತಗಡು ಬೇಕು? ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಗೋಲದ ಮೈಯನ್ನು ಚೆಂಡಿನ ಸುತ್ತಲಿನ ಬಲೆಗೆ ಹೋಲಿಸಿ, ಅದು ವೃತ್ತಕ್ಷೇತ್ರದ ನಾಲ್ಕರಷ್ಟೆಂದು ನಿರ್ಣಯಿಸಿದ್ದಾರೆ. ನಮ್ಮದು ಅರ್ಧಗೋಲವಾದ್ದರಿಂದ ಬುಡದ ವೃತ್ತದ ಎರಡರಷ್ಟು. ಹೊರಮೈ ನಾಲ್ಕು ಅಡಿ ವ್ಯಾಸದ ಒಲೆಯ ಬುಡವು ಹನ್ನೆರಡೂವರೆ ಚದರಡಿಯಾದರೆ ಗುಮ್ಮಟವು ಇಪ್ಪತ್ತೈದು. ಒಂದರ ಮೇಲೊಂದು ಅರ್ಧದಷ್ಟು ಹಾಸಿ ಬರಬೇಕಾದ್ದರಿಂದ ಐವತ್ತು ಚದರಡಿ ಎಂದು ಹಿಡಿಯಿರಿ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೆ ತೂಕವು ಸುಮಾರು 21 ಕಿಲೋಗ್ರಾಂ. ಕತ್ತರಿಸುವಾಗ ಹೋಗುವ ಚೂರು ಬೇರೆ. ಸಣ್ಣ ಬಾಬಲ್ಲ!

ಒಂದೇ ದೊಡ್ಡ ತಗಡನ್ನು ಬಡಿದು ಕೂರಿಸಿದರಾಗದೇ ಎಂದರೆ, ಆಗದು. ಒಂದು ಮೀಟರ್ ತಾಮ್ರವು ಅರವತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಒಂದು ಮಿಲಿಮೀಟರ್ ಉದ್ದವಾಗುವುದು. ಮಣ್ಣು ಅಷ್ಟು ಹಿಗ್ಗದು. ಹೀಗೆ ದಿನವೂ ಹಿಗ್ಗಿ ಕುಗ್ಗುವ ದೊಡ್ಡ ತಗಡು ಉಬ್ಬಿ ಸೀಳುವುದು. ಅಂಗೈಯಗಲದ ಚಿಪ್ಪುಗಳಾದರೆ ತಮ್ಮ ತಮ್ಮೊಳಗೆ ಸರಿದುಕೊಳ್ಳುತ್ತವೆ. ಚಿಪ್ಪುಹಂದಿಯು ಮೈ ಬಗ್ಗಿಸಿದರೂ ಚಿಪ್ಪು ಒಡೆಯುವುದಿಲ್ಲವಷ್ಟೆ. ಅವುಗಳನ್ನು ಒಲೆಗೆ ಅಂಟಿಸಕೂಡದು, ತೂಗಹಾಕಬೇಕು. ಮಂಗಳೂರು ಹೆಂಚು ತನ್ನ ಹಿಂಬದಿಯ ಮುಂಚಾಚಿನಿಂದ ರೀಪಿಗೆ ಜೋತುಬೀಳುವುದಲ್ಲವೆ, ಅದೇ ಉಪಾಯ. ಗುಮ್ಮಟದ ನೆತ್ತಿಯಲ್ಲಿ ದಪ್ಪ ತಾಮ್ರದ ತಂತಿಯ ಬಳೆಯೊಂದನ್ನಿಟ್ಟು, ಅದರಿಂದ ಬುಡದವರೆಗೆ ತಂತಿಗಳನ್ನು ಇಳಿಬಿಟ್ಟು, ಅವಕ್ಕೆ ಸಾಲುಸಾಲಾಗಿ ಅಡ್ಡಬಳೆಗಳನ್ನು ಬಿಗಿಯಬೇಕು. ಚಿಪ್ಪಿನ ಮೇಲಂಚನ್ನು ಮಡಿಸಿ ಬಳೆಗೆ ಸಿಕ್ಕಿಸಿದರಾಯಿತು. ಬುಡದ ಸಾಲು ಮೊದಲು. ಮೇಲಿನ ಸಾಲಿನ ಚಿಪ್ಪು ಕೆಳಸಾಲಿನ ಎರಡು ಚಿಪ್ಪುಗಳ ಸಂದನ್ನು ಮುಚ್ಚತಕ್ಕದ್ದು. ಬುಡದಲ್ಲಿ ಐದಂಗುಲದ ಚಿಪ್ಪುಗಳು ಮೂವತ್ತು ಹಿಡಿದರೆ, ಅರ್ಧ ಎತ್ತರದಲ್ಲಿಯೂ ಇಪ್ಪತ್ತಾರು ಬೇಕಾಗುವುವು. ಸುತ್ತಳತೆಯು ಕಿರಿದಾಗುವುದೆಲ್ಲ ನೆತ್ತಿಯ ಕಡೆಗೆ. ಅಲ್ಲಿ ಚಿಪ್ಪುಗಳನ್ನು ಕಿರಿದಾಗಿ ಕತ್ತರಿಸಬೇಕು. ನೆತ್ತಿಗೆ ಬೋರಲು ಬಟ್ಟಲಿನಂತಹ ಮುಚ್ಚಳ; ಅದರ ಕೆಳಗೆ ಬೆರಳು ತೂರುವಷ್ಟು ಎಡೆಯಿರಲಿ, ಮಣ್ಣಿನ ತೇವಕ್ಕೆ ಅದೇ ಬಾಗಿಲು.

ತಗಡನ್ನು ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿದರೆ ತಾಮ್ರ ಮೆತ್ತಗಾಗುತ್ತದೆ. ಉಕ್ಕಿನ ಗುಣ ಇದಕ್ಕೆ ವಿಪರೀತ. ಬಡಿದಷ್ಟೂ ಮತ್ತೆ ಗಡುಸಾಗುವುದರಿಂದ ಮರದ ಕೊಡತಿಯಿಂದ ಹಗುರಾಗಿ ತಟ್ಟಬೇಕು. ಕಬ್ಬಿಣದ ಮೊಳೆಯನ್ನಾಗಲಿ ಸತು ಪೂಸಿದ ಕೋಳಿಬಲೆಯನ್ನಾಗಲಿ ತಾಮ್ರಕ್ಕೆ ತಾಗಿಸಬೇಡಿರಿ. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ತಾಮ್ರ ಉಳಿಯುವುದು, ಕಬ್ಬಿಣವೂ ಸತುವೂ ಸವೆದು ಹೋಗುವುವು. ಆಗ ಚಿಪ್ಪುಗಳು ಒಂದೊಂದಾಗಿ ಉದುರುತ್ತವೆ.

ತಾಮ್ರದ ಹೊದಿಕೆಯಿಂದ ಒಲೆಯ ಕಾವು ನಿಲ್ಲುವುದೆಂದು ಕೆಲವರು ನಂಬಿದ್ದಾರೆ. ಇದು ಸಲ್ಲದ ಮಾತು. ತಾಮ್ರದಷ್ಟು ಬೇಗ ಶಾಖವನ್ನು ಸಾಗಿಸುವ ಲೋಹ ಬೆಳ್ಳಿಯನ್ನು ಬಿಟ್ಟರೆ ಮನೆಯಲ್ಲಿ ಬೇರೊಂದಿಲ್ಲ. ಕಾವನ್ನು ಹಿಡಿಯತಕ್ಕದ್ದು ಅದರ ಕೆಳಗಿನ ಪದರ: ಭತ್ತದ ಹೊಟ್ಟಿನ ಬೂದಿಗೆ ಸ್ವಲ್ಪ ಜೇಡಿಮಣ್ಣು ಕಲಸಿ ನಾಲ್ಕಂಗುಲ ದಪ್ಪ ಮೆತ್ತಿದರೆ ಸಾಕು. ತಾಮ್ರವು ಕೊಡೆ ಮಾತ್ರ.

ಗೃಹಿಣಿಯರಿಗೊಂದು ಮಾತು. ಕೆಂಪಗೆ ಹೊಳೆಯುವ ಹೊದಿಕೆಯು ಕೆಲವು ತಿಂಗಳಲ್ಲಿ ಕಂದಾಗುವುದು. ಹಬ್ಬ ಬಂದಿತೆಂದು ಹುಣಿಸೆಹಣ್ಣು ಹಿಡಿದು ಹೊರಡಬೇಡಿರಿ. ಆ ಕಂದು ಪೊರೆಯೇ ಲೋಹದ ಕವಚ, ಹುಳಿಯು ಅದನ್ನು ತಿಂದುಹಾಕುವುದು. ಒಲೆಯ ಮೇಲಿಂದ ಇಳಿದ ಮಳೆನೀರನ್ನು ಕುಡಿಯುವ ಪಾತ್ರೆಗೆ ಹಿಡಿಯಬಾರದು.

ಹಂಡೆಯ ವಿಷಯ ಉಳಿಯಿತು. ನಮ್ಮ ಊರು ಮಧೂರಲ್ಲ. ವರ್ಷವೆಲ್ಲ ಸುರಿಯುವ ಮಳೆ ನಮಗಿಲ್ಲ. ನಾಲ್ಕು ಕಂಬ ನೆಟ್ಟು, ಹೊಗೆಗೆ ಎತ್ತರ ಬಿಟ್ಟು, ಹೆಂಚು ಹೊದಿಸಿದ ಒಂದು ಚಪ್ಪರವು ಅದೇ ಕೆಲಸವನ್ನು ಅಲ್ಪವ್ಯಯದಲ್ಲಿ ಮಾಡುವುದು. ಬೇಯಿಸುವವಳ ತಲೆಗೂ ನೆರಳಾಗುವುದು. ಇದು ತಾಮ್ರದ ಯಾವ ಚಿಪ್ಪಿನಿಂದಲೂ ದೊರೆಯದ ಲಾಭ. ಕೈಯಲ್ಲಿ ಹಣವಿದ್ದು, ಸೊಗಸಿಗಾಗಿ, ರಾತ್ರಿ ಕಾವಲಿಗೂ ಜನವಿದ್ದು ಮಾಡುವವರು ಮಾಡಲಿ; ನಾವು ಬೇಡವೆನ್ನುವುದಿಲ್ಲ. ಬದುಕಿರುವ ತಾಯಿಯ ಹಂಡೆಯನ್ನು ಕೊಟ್ಟು ಮಾಡಬೇಡವೆಂದು ಆ ಮಗನಿಗೆ ಸ್ಪಷ್ಟವಾಗಿ ಹೇಳಿದೆವು. ಆತನು ಮರುಮಾತಾಡದೆ ಹೋದನು. ಮಾರನೆಯ ದಿನ ಕಂಬಕ್ಕೆ ಗುಂಡಿ ತೋಡುತ್ತಿದ್ದುದನ್ನು ಕಂಡೆವು. ಬಿರಿದ ನೆತ್ತಿಗೆ ಹೊಸ ಮಣ್ಣು ಬಿದ್ದಿದೆ. ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಬಳಿಕ ಐದಾರು ಸಂಜೆ ಪುಳ್ಳೆಯ ಸಣ್ಣ ಉರಿಯನ್ನಷ್ಟೇ ಹಾಕುವಂತೆ ಸೊಸೆಗೆ ತಿಳಿಸಿದ್ದೇವೆ. ಅತ್ತೆಯವರ ಹಂಡೆ ಬಚ್ಚಲಿನಲ್ಲೇ ಇದೆ.