ಜೋರು ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆಯೇ?

ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ, ಗೆಳೆಯರು ವಾರಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ರಾಕ್ ಹಾಡುಗಳನ್ನು ಪ್ರಾಕ್ಟೀಸ್ ಮಾಡುವಾಗ ಹೇಳುವ ಮಾತಿದು: "ಮೊದಮೊದಲು ಕಿವಿ ಗುಂಯ್ ಅನ್ನುತ್ತೆ, ಆಮೇಲೆ ಅಭ್ಯಾಸ ಆಗುತ್ತೆ." ಇದು ತಪ್ಪು.

ಸದ್ದನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದು ಮೊದಲಿನಷ್ಟು ಜೋರೆನಿಸದಿದ್ದರೆ ಕಿವಿ ಗಟ್ಟಿಯಾಯಿತು ಎಂದಲ್ಲ, ಕೇಳುವ ಶಕ್ತಿಯೇ ಕುಗ್ಗಿರಬಹುದು.

ಕಾರ್ಮಿಕರ ಆರೋಗ್ಯಕ್ಕಾಗಿ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ಡ್ರಮ್ಸ್, ಆಂಪ್ ಇರುವ ಸಣ್ಣ ಕೋಣೆಯಲ್ಲಿ ಸದ್ದು ಅಷ್ಟಕ್ಕೆ ಏರುವುದು ಕಷ್ಟವಲ್ಲ.

ಹತ್ತಿ ತುರುಕಿದರೆ ಸಾಲದು. ಇಯರ್‌ಪ್ಲಗ್ ಹಾಕಿ, ಆಂಪ್ ತಗ್ಗಿಸಿ, ನಡುನಡುವೆ ಹೊರಗೆ ಬನ್ನಿ. ಮರುದಿನವೂ ಗುಂಯ್‌ಗುಟ್ಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.